ಎಣ್ಣೆಗಿಂತ ಮೊದಲು ಪೊರಕೆ

ಶ್ರೀರಾಂಪುರದ ಹೊಲಿಗೆ ತರಬೇತಿ ಕೇಂದ್ರದಲ್ಲಿ ಇರುವುದು ಹತ್ತು ಮಷೀನು. ಗುರುವಾರ ನೋಡಿದರೆ ನಾಲ್ಕು ಮತ್ತೆ ಬಿಗಿದುಕೊಂಡು ಕೂತಿವೆ! ಸೋಮವಾರ ಪರೀಕ್ಷೆ. ಎಂಟು ಮಷೀನಾದರೂ ಓಡದಿದ್ದರೆ ಪರೀಕ್ಷೆ ಹೊಸದುರ್ಗಕ್ಕೆ ಹೋಗುತ್ತದೆ, ಅಷ್ಟು ದೂರಕ್ಕೆ ಅರ್ಧಕ್ಕರ್ಧ ಹೆಣ್ಣುಮಕ್ಕಳನ್ನು ಮನೆಯವರು ಬಿಡುವುದಿಲ್ಲ. ಶಿಕ್ಷಕಿ ದಾಕ್ಷಾಯಣಮ್ಮ ರಿಪೇರಿಗೆ ಅಂಜುಮ್‌ಳನ್ನು ಕರೆಸಿದರು, ಶುಕ್ರವಾರ ಬೆಳಿಗ್ಗೆ ಮಷೀನುಗಳಿಗೆ ಎಣ್ಣೆ ಬಿಡುತ್ತಲೇ ಅವಳ ಮುಂದೆ ಗೋಳು ತೋಡಿಕೊಂಡರು.

"ನಾನೇನ್ ಕಮ್ಮಿ ಮಾಡೀನಮ್ಮ? ದಿನಾ ಒಂಬತ್ತಕ್ಕೆ ಬಂದು ಬೀಗ ತೆಗ್ದು, ಕೈಯಾರೆ ಎಣ್ಣೆ ಬಿಡ್ತೀನಿ. ಈ ಮಷೀನೇ ದರಿದ್ರವು!"

ಚಿತ್ರದುರ್ಗದಿಂದ ರಿಪೇರಿಗೆ ಬಂದಿದ್ದ ಅಂಜುಮ್ ಒಂದು ಮಷೀನು ಬಿಚ್ಚಿದಳು. ಒಳಗೆ ಎಣ್ಣೆ, ಧೂಳು, ನೂಲಿನ ಚೂರು ಸೇರಿ ಕಪ್ಪು ಮುದ್ದೆಯಾಗಿತ್ತು.

"ಹೋದ್ ತಿಂಗ್ಳೂ ಇದನ್ನೇ ತೆಗ್ದಿದ್ದೆ ಮೇಡಂ. ಕಾಯಿಲೆ ಮಷೀನಾಗಿಲ್ಲ, ಈ ರೂಮಿನ ದಿನಚರಿಯಾಗೈತೆ. ಇಲ್ಲಿ ಏನೇನು ನಡೀತೈತೆ, ಸ್ವಲ್ಪ ಹೊತ್ತು ನೋಡಾಣ. ಕುಂತ್ಕಳ್ರಿ."

"ರಿಪೇರಿಗೆ ಕರೆದ್ರೆ ಪಂಚಾಯ್ತಿ ಮಾಡ್ತಾಳಲ್ಲ!" ಎಂದು ಗೊಣಗುತ್ತಲೇ ದಾಕ್ಷಾಯಣಮ್ಮ ಕೂತರು.

ಹತ್ತಕ್ಕೆ ಕಸ ಗುಡಿಸುವ ಹನುಮಮ್ಮ ಬಂದಳು. ಬರ ಬರ ಗುಡಿಸಿದಳು. ಅಬ್ಬಬ್ಬಾ, ಧೂಳೆಂದರೆ ಧೂಳು! ಎದ್ದದ್ದೆಲ್ಲ ಆಗಷ್ಟೇ ಎಣ್ಣೆ ಬಿಟ್ಟಿದ್ದ ಮಷೀನುಗಳ ಮೇಲೆ ಹೋಗಿ ಅಂಟಿಕೊಂಡಿತು.

"ಲೇ ಹನುಮಮ್ಮ, ಇದೆಲ್ಲಾ ನಿನ್ ಕೆಲ್ಸಾನೇ! ಬೇಗ ಬರಕ್ಕೇನಾಗಿತ್ತು?" ದಾಕ್ಷಾಯಣಮ್ಮ ರೇಗಿದರು.

"ಏಳಕ್ಕೇ ಬತ್ತಿದ್ನಲ್ರವ್ವ. ಬಾಗ್ಲಿಗೆ ಬೀಗ, ಕೀ ನಿಮ್ ಸೊಂಟದಾಗೆ. ಕಾದು ಕಾದು ಸಾಕಾಗಿ ಮೊದ್ಲು ಅಂಗನವಾಡಿ ಗುಡಿಸಾಕೆ ಹೋಗ್ತೀನಿ. ಎಣ್ಣೆ ಮ್ಯಾಲೆ ಧೂಳು ಕೂರೋದು ನಂಗೂ ಕಾಣ್ತಿತ್ತು. ಯಾರೂ ಕೇಳ್ಲಿಲ್ಲ."

ದಾಕ್ಷಾಯಣಮ್ಮ ತಲೆ ತಗ್ಗಿಸಿದರು. ಮೂರು ತಿಂಗಳು ಮಷೀನಿಗೆ ಬೈದಿದ್ದರು, ತಪ್ಪು ಸೊಂಟದಲ್ಲೇ ನೇತಾಡುತ್ತಿತ್ತು. ನಾಚಿಕೆಯೂ ಆಯಿತು, ಈ ಇಬ್ಬರ ಮೇಲೆ ಅಭಿಮಾನವೂ ಉಕ್ಕಿತು. ಎಂಥಾ ಕಣ್ಣು ಇವರದ್ದು!

ಅಂಜುಮ್ ಸಂಜೆಯೊಳಗೆ ನಾಲ್ಕೂ ಮಷೀನು ಶುಚಿ ಮಾಡಿದಳು. ದಾಕ್ಷಾಯಣಮ್ಮ ಇನ್ನೊಂದು ಕೀ ಮಾಡಿಸಿ ತಂದರು. "ಇದು ನಿನ್ ಕೈಯಾಗೇ ಇರ್ಲವ್ವ. ನೀನು ಗುಡಿಸಿ ಒರೆಸಿದ್ ಮೇಲೇನೇ ನಾನು ಎಣ್ಣೆ ಮುಟ್ಟೋದು."

ಸೋಮವಾರದ ಪರೀಕ್ಷೆಯಲ್ಲಿ ಹತ್ತೂ ಮಷೀನು ಟಕಟಕ ಓಡಿದವು. ಒಬ್ಬ ಹುಡುಗಿಯೂ ಹೊಸದುರ್ಗದ ಬಸ್ಸು ಹತ್ತಬೇಕಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತರಬೇತಿ ಕೇಂದ್ರದಲ್ಲೂ ಮಷೀನು ಪದೇ ಪದೇ ಕೆಡುತ್ತಿದೆಯೇ? ಸ್ಪ್ಯಾನರ್ ಹಿಡಿಯುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡಿ. ಯಾರು ಯಾವಾಗ ಬರುತ್ತಾರೆ, ಯಾವ ಕೆಲಸ ಮೊದಲು, ಯಾವುದು ಆಮೇಲೆ, ಒಂದರಿಂದ ಇನ್ನೊಂದಕ್ಕೆ ಏನಾಗುತ್ತದೆ? ಪೊರಕೆ ಹಿಡಿದವರನ್ನೂ ಕೇಳಿ. ನಿಮ್ಮ ಸೊಂಟದ ಕೀ ಯಾರ ಕೈಯಲ್ಲಿರಬೇಕೆಂದು ಅವರಿಗೆ ಗೊತ್ತಿರುತ್ತದೆ.