ಎರಡೇ ಸೀಟು

"ರಸ್ತೆ ಸಿಗ್ತಿಲ್ಲ ಮೇಸ್ತ್ರಿ," ಎಂದು ಡ್ರೈವರಣ್ಣ ಕಾರಿನೊಳಗಿಂದಲೇ ಹೇಳಿದಾಗ ಗಾಡಿಗಳ ಸೀಟು ಹೊಲಿಯುವ ಕುಶನ್ ಮೇಸ್ತ್ರಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ರಸ್ತೆ ಅಂಗಡಿಯ ಮುಂದೆಯೇ ಬಿದ್ದುಕೊಂಡಿತ್ತು, ಈ ಮನುಷ್ಯ ಅದರ ಮೇಲೆಯೇ ಬಂದಿದ್ದ.

ಡ್ರೈವರಣ್ಣ ಇಳಿಯುವುದೇ ಒಂದು ಕಸರತ್ತು. ಕಾರು ಅಷ್ಟು ತಗ್ಗು. ಮೊದಲು ಒಂದು ಕಾಲು ಹೊರಗೆ ಬಂತು, ಆಮೇಲೆ ಬಾಗಿಲು ಹಿಡಿದ ಕೈ, ಕೊನೆಗೆ ಉಸ್ಸೆನ್ನುತ್ತ ಉಳಿದ ಮನುಷ್ಯ. ಮೂವತ್ತನಾಲ್ಕು ವರ್ಷ ಆಂಬುಲೆನ್ಸ್ ಓಡಿಸಿ ಹೋದ ತಿಂಗಳಷ್ಟೇ ನಿವೃತ್ತನಾದವನು. ಮಾರನೇ ವಾರವೇ ಎರಡು ಹೊಸ ಸ್ಕೂಟರಿನ ಬೆಲೆಗೆ ಈ ಬಣ್ಣ ಮಾಸಿದ ಕೆಂಪು ಸ್ಪೋರ್ಟ್ಸ್ ಕಾರು ಕೊಂಡು ಮನೆಯವರೆಲ್ಲ ಬಾಯಿ ಬಿಟ್ಟು ನೋಡುವಂತೆ ಮಾಡಿದ್ದ. ಇರುವುದು ಎರಡೇ ಸೀಟು. ಅವನ ಭಾವಮೈದುನ ಸುಮ್ಮನಿರದೆ ಅದನ್ನು ಮಾರಿಸಲು ಗಿರಾಕಿಯನ್ನೂ ಹುಡುಕಿಟ್ಟಿದ್ದ. ಆ ಗಿರಾಕಿ ಇವತ್ತು ನಾಲ್ಕು ಗಂಟೆಗೆ ಮನೆಗೆ ಬರುವವನಿದ್ದ.

"ಮೊದಲು ಹೀಗಿರಲಿಲ್ಲ. ಈಗ ಓಡಿಸಿದರೆ ಏನೂ ಅನ್ನಿಸ್ತಿಲ್ಲ," ಎಂದ ಡ್ರೈವರಣ್ಣ. "ಹೀಗೇ ಆದರೆ ಕೊಟ್ಟುಬಿಡ್ತೀನಿ."

ಮೇಸ್ತ್ರಿಗೆ ಕೋಪ ಬಂತು, ಸ್ವಲ್ಪ ಹೆದರಿಕೆಯೂ ಆಯಿತು. ಹೋದ ವಾರ ಆ ಸೀಟುಗಳನ್ನು ಹೊಸದಾಗಿ ಕಟ್ಟಿದವನು ಅವನೇ. ಹಳೆಯ ಸೀಟು ಕಲ್ಲಿನ ಹಾಗಿತ್ತು. ವಯಸ್ಸಾದ ಸೊಂಟ ಎಂದು ಕರುಣೆಯಿಂದ, ಕೇಳದಿದ್ದರೂ ನಾಲ್ಕು ಬೆರಳು ದಪ್ಪದ ಮೆತ್ತನೆಯ ಫೋಮ್ ತುಂಬಿದ್ದ. ಅವನು ಕಟ್ಟಿದ ಸೀಟಿನಲ್ಲಿ ಕೂತರೆ ತೊಟ್ಟಿಲಲ್ಲಿ ಕೂತ ಹಾಗೆ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಮಾತು.

ಅಷ್ಟರಲ್ಲಿ ಬೀದಿ ಬಂದು ಸೇರಿತು. ಇಂಥ ಕಾರು ನಿಂತಾಗ ಚೆಂದ ಕಂಡರೆ ಸಾಕು, ಕೊಟ್ಟ ದುಡ್ಡು ವಸೂಲಾದ ಹಾಗೆ ಎಂದ ಪೇಂಟರ್. ಟೈರ್ ಅಂಗಡಿಯವನು ಟೈರು, ಬ್ರೇಕು ಬಿಟ್ಟು ಉಳಿದದ್ದೆಲ್ಲ ಶೋಕಿ ಎಂದ. ಅವನು ಬೇರೆ ಏನು ಹೇಳಿಯಾನು. ಎದುರಿನ ಗ್ಯಾರೇಜಿನ ಮೆಕ್ಯಾನಿಕ್ ಮಾತ್ರ ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ಬಾಯಿಬಿಟ್ಟ.

"ಐವತ್ತರಲ್ಲಿ ಹೋದರೆ ತೊಂಬತ್ತರಲ್ಲಿ ಹೋದ ಹಾಗೆ ಅನ್ನಿಸಬೇಕು, ಅದಕ್ಕೇ ಇದಕ್ಕೆ ಬೆಲೆ. ದುಡ್ಡಿರೋರು ನಿಜವಾಗಲೂ ತೊಂಬತ್ತರಲ್ಲಿ ಹೋಗ್ತಾರೆ. ಪಾಪ, ಅವರಿಗೆ ಏನೂ ಅನ್ನಿಸಲ್ಲ."

ರಸ್ತೆಯ ಅಲುಗಾಟವನ್ನೆಲ್ಲ ತನ್ನ ಮೆತ್ತೆಯೇ ನುಂಗುತ್ತಿದೆ ಎಂದು ಹೊಳೆದು ಮೇಸ್ತ್ರಿ ಸೀಟು ಬಿಚ್ಚಿದ. ಬಿಚ್ಚುತ್ತ ಕುತೂಹಲ ತಡೆಯಲಾಗದೆ ಕೇಳಿಯೇಬಿಟ್ಟ: "ನಿಜ ಹೇಳಿ ಅಣ್ಣ, ಇದನ್ನೇ ಯಾಕೆ ತಗೊಂಡ್ರಿ?"

ಡ್ರೈವರಣ್ಣ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. "ಮೂವತ್ತನಾಲ್ಕು ವರ್ಷ ಗುಂಡಿ ಕಂಡರೆ ಹಿಂದೆ ಮಲಗಿರೋರ ನೋವೇ ನೆನಪಾಗ್ತಿತ್ತು. ಜೋರಾಗಿ ಓಡಿಸಿದೀನಿ, ಒಂದಿನಾನೂ ನನಗೋಸ್ಕರ ಅಲ್ಲ. ಈ ಕಾರಲ್ಲಿ ಹಿಂದೆ ಜಾಗಾನೇ ಇಲ್ಲ ಮೇಸ್ತ್ರಿ. ಅದಕ್ಕೇ."

ಮೇಸ್ತ್ರಿ ತಾನು ತುಂಬಿದ ಮೆತ್ತೆಯನ್ನೆಲ್ಲ ಕಿತ್ತು ಮೂಲೆಗೆ ಎಸೆದ. ಬಸ್ಸಿನ ಸೀಟಿಗೆಂದು ತರಿಸಿದ್ದ ಗಟ್ಟಿ ಫೋಮ್ ಹಾಳೆಯನ್ನು ಒಂದು ಬೆರಳು ದಪ್ಪಕ್ಕೆ ಕೊಯ್ದು, ಮೊಣಕೈ ಊರಿ ನೋಡಿ, ಮತ್ತಷ್ಟು ಕೊಯ್ದು ಕೂರಿಸಿದ. ರೆಕ್ಸಿನ್ ಬಿಗಿದು ಸೀಟನ್ನು ಕಾರಿಗೆ ಸೇರಿಸುವ ಹೊತ್ತಿಗೆ ಮೂರೂವರೆ ದಾಟಿತ್ತು.

"ನೀವೂ ಬನ್ನಿ," ಎಂದ ಡ್ರೈವರಣ್ಣ. ಇಷ್ಟು ವರ್ಷ ಸಾವಿರಾರು ಸೀಟು ಹೊಲಿದ ಮೇಸ್ತ್ರಿ ಯಾವುದರಲ್ಲೂ ಕೂತು ದೂರ ಹೋದವನಲ್ಲ. ಪಕ್ಕದ ಸೀಟಿಗೂ ಅದೇ ಗಟ್ಟಿ ಹಾಳೆ ಹಾಕಿದ್ದ. ಡ್ರೈವರಣ್ಣ ತನ್ನ ಫೋನನ್ನು ಅವನ ಕೈಗೆ ಕೊಟ್ಟು ಹೊರಟ.

ಬೀದಿಯ ತಿರುವು ದಾಟುತ್ತಲೇ ಮೇಸ್ತ್ರಿಗೆ ಬೆನ್ನಿನಲ್ಲಿ ಜಲ್ಲಿ ತಿಳಿಯಿತು. ಆಮೇಲೆ ಟಾರಿನ ತೇಪೆ, ಸೇತುವೆಯ ಕೂಡುಗೆರೆ, ಮತ್ತೆ ನುಣುಪು. ಕಣ್ಣು ಮುಚ್ಚಿಕೊಂಡೇ ದಾರಿ ಹೇಳಬಹುದಿತ್ತು. ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದ ಹಾಗೆ. ಆದರೆ ಡ್ರೈವರಣ್ಣ ಇನ್ನೂ ಮೂವತ್ತರಲ್ಲೇ ಇದ್ದ. ಪ್ರತಿ ಗುಂಡಿಗೂ ಬ್ರೇಕು, ಪ್ರತಿ ಬ್ರೇಕಿಗೂ ಕಣ್ಣು ಕನ್ನಡಿಗೆ.

ಊರು ಮುಗಿದು ಉದ್ದನೆಯ ಏರು ತಿರುವು ಶುರುವಾಗುವಲ್ಲಿ ಫೋನು ಗುನುಗಿತು. ಭಾವಮೈದುನ. ನಾಲ್ಕು ಗಂಟೆ.

"ಎತ್ತಲಾ ಅಣ್ಣ?"

ಡ್ರೈವರಣ್ಣ ಮತ್ತೆ ಕನ್ನಡಿ ನೋಡಿ, "ಹಿಂದೆ ಯಾರಾದ್ರೂ ಇದ್ದಾರಾ ಮೇಸ್ತ್ರಿ?" ಎಂದ.

ಯಾವುದೋ ಗಾಡಿ ಬರುತ್ತಿರಬೇಕು ಎಂದು ಮೇಸ್ತ್ರಿ ತಿರುಗಿದ. ಸೀಟಿನ ಬೆನ್ನಿಗೆ ತಾನೇ ಹಾಕಿದ ಹೊಲಿಗೆ, ಅದರ ಹಿಂದೆಯೇ ಗಾಜು, ಗಾಜಿನಾಚೆ ಖಾಲಿ ರಸ್ತೆ. ಆಗ ಪ್ರಶ್ನೆ ಅರ್ಥವಾಯಿತು: ಅಣ್ಣ ಕೇಳಿದ್ದು ಗಾಡಿಯನ್ನಲ್ಲ, ಹಿಂದೆ ಮಲಗಿರುತ್ತಿದ್ದವರನ್ನು.

"ಯಾರೂ ಇಲ್ಲಣ್ಣ," ಎಂದ.

ಡ್ರೈವರಣ್ಣ ಗೇರು ಬದಲಿಸಿ ಆಕ್ಸಿಲರೇಟರ್ ಒತ್ತಿದ. ಈ ಸಲ ಕನ್ನಡಿ ನೋಡಲಿಲ್ಲ. ಮೇಸ್ತ್ರಿಯ ಕೈಯಲ್ಲಿ ಫೋನು ಗುನುಗುತ್ತಲೇ ಇತ್ತು. ತಿರುವಿನ ಒಂದೊಂದು ಹರಳೂ ಬೆನ್ನಿಗೆ ತಾಗುತ್ತಿತ್ತು.