ಮಚ್ವೆಯ ಯಜಮಾನಿ

"ನಿನ್ನ ಮೈದುನ ಉಪ್ಪು ತರುಕೆ ಹೋದದ್ದು ಅಂದ್ಯಲ್ಲೆ? ಹೊನ್ನಾವರ ಬಂದರಿನ ಧಕ್ಕೆಯಲ್ಲಿ ಯಾವಾಗಿಂದ ಉಪ್ಪು ಬೆಳಿತದೆ?"

ಲಕ್ಕಿ ಖಾಲಿ ಮೀನುಬುಟ್ಟಿಯನ್ನು ಜಗಲಿಯ ಮೇಲೆ ಕವುಚಿ ಹಾಕುತ್ತ ಹೀಗೆಂದಾಗ, ತೆಂಗಿನ ಮಡಲು ಹೆಣೆಯುತ್ತಿದ್ದ ಬಂಗಾರಿಯ ಕೈ ನಿಂತಿತು. ಲಕ್ಕಿ ಆಚೆಮನೆಯವಳು. ತೆಂಗಿನಗುಂಡಿಯ ಒಣಮೀನನ್ನು ಹೊನ್ನಾವರದ ಸಂತೆಗೆ ಒಯ್ದು ಮಾರಿ ಬರುವವಳು. ಅವಳು ಹೇಳುವ ಸುದ್ದಿಗೆ ಒಂದಿಷ್ಟು ಒಗ್ಗರಣೆ ಬೀಳುವುದು ಕೇರಿಗೆಲ್ಲ ಗೊತ್ತಿದ್ದರೂ, ಕಣ್ಣಾರೆ ಕಾಣದ್ದನ್ನು ಕಂಡೆ ಎಂದವಳಲ್ಲ.

"ನೀ ಸಮಾ ಕಂಡ್ಯಾ? ನಮ್ಮ ಮಚ್ವೆಯೇಯಾ?"

"ಹಾಯಿಯ ಕೆಂಪು ತೇಪೆ ನಂಗೆ ಗುರ್ತ ಸಿಕ್ಕುದಿಲ್ವಾ? ಬಂದರಿನವ್ರು ಇಬ್ರು ಟೇಪು ಹಿಡ್ಕಂಡು ಆ ತುದಿಯಿಂದ ಈ ತುದಿಗೆ ಅಳಿತಾ ಇದ್ರು. ಜಟ್ಟ ಅಂಗಿ ಹಾಕ್ಕಂಡು ಬದಿಯಲ್ಲಿ ನಿಂತಿದ್ದ, ಮದ್ಲಿಂಗನ ಹಾಂಗೆ."

ಅಳತೆ ಎಂದ ಮೇಲೆ ಬಂಗಾರಿಗೆ ಬಿಡಿಸಿ ಹೇಳಬೇಕಾದದ್ದೇನೂ ಇರಲಿಲ್ಲ. ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಬಂದರುಗಳಲ್ಲಿ ಹೊಸ ಕಾಯಿದೆ ಬಂದಿತ್ತು. ಬಂದರಿನಿಂದ ಬಂದರಿಗೆ ಸರಕು ಸಾಗಿಸುವ ಮಚ್ವೆಯಂಥ ಹಾಯಿದೋಣಿಗಳೆಲ್ಲ ಹೊಸದಾಗಿ ಅಳತೆಯಾಗಬೇಕು, ಅಳತೆಗೆ ತಕ್ಕ ತೆರಿಗೆ ಕಟ್ಟಬೇಕು, ಕೊಟ್ಟ ನಂಬರನ್ನು ಮರದಲ್ಲಿ ಕೆತ್ತಿಸಬೇಕು, ಯಜಮಾನರ ಹೆಸರು ಬರೆಸಬೇಕು. ಮುಂಬಯಿ ಕಾಲದ ಕಾಗದ ಇನ್ನು ನಡೆಯದು. ಹೆಸರು ಒಂದೇ ಇರಬೇಕು. 'ಇದು ನಮ್ಮ ಮನೆಯ ಮಚ್ವೆ' ಎಂದರೆ ಸರಕಾರ ಕೇಳುವುದಿಲ್ಲವಂತೆ.

ಹಳೆಯ ಕಾಗದದಲ್ಲಿದ್ದದ್ದು ಬಂಗಾರಿಯ ಗಂಡ ದುರ್ಗನ ಹೆಸರು. ಅವನು ಜ್ವರ ಬಂದು ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಅಂದಿನಿಂದ ಅವನ ತಮ್ಮ ಜಟ್ಟನೇ ತಾಂಡೇಲನಾಗಿ ಮಚ್ವೆಯನ್ನು ನಡೆಸುತ್ತಿದ್ದ. ಮನೆಯ ಒಲೆ ಅದರಿಂದಲೇ ಉರಿಯುತ್ತಿತ್ತು. ಆದರೆ ಮಚ್ವೆಯ ಅಡಿಮರ ಬಂಗಾರಿಯ ತವರಾದ ಮುಟ್ಟಳ್ಳಿಯ ಹಿತ್ತಿಲಲ್ಲಿ ಬೆಳೆದದ್ದು. ಅಪ್ಪ ಮಗಳಿಗೆ ಚಿನ್ನ ಕೊಡುವ ಬದಲು ಮರ ಕೊಟ್ಟನಲ್ಲ ಎಂದು ಮದುವೆಯಲ್ಲಿ ಜನ ನಕ್ಕಿದ್ದರು. ಇತ್ತ ಮೀಸೆ ಮೂಡುವ ಮೊದಲೇ ಅದರ ಚುಕ್ಕಾಣಿ ಹಿಡಿದು ಅಂಗೈಯ ಗೆರೆಗಳನ್ನೆಲ್ಲ ಸವೆಸಿಕೊಂಡವನು ಜಟ್ಟ. ಅದು ಯಾರದ್ದು ಎಂಬ ಮಾತು ಮನೆಯಲ್ಲಿ ಒಂದು ದಿನವೂ ಬಂದದ್ದಿಲ್ಲ. ಬರುವ ಕಾರಣವೂ ಇರಲಿಲ್ಲ.

ಲಕ್ಕಿ ಹೊರಡುವಾಗ ಇನ್ನೊಂದು ಮಾತು ಉದುರಿಸಿದಳು. "ಜಟ್ಟನಿಗೆ ಕಂಡ ಕಾಸರಕೋಡಿನ ಹುಡ್ಗಿ ಮಾತು ಎಲ್ಲಿಗೆ ಬಂತು? ಹುಡ್ಗಿ ಅಪ್ಪ, ಹುಡ್ಗನಿಗೆ ಸ್ವಂತದ್ದು ಎಂತ ಉಂಟು ಅಂತ ಕೇಳಿದ್ನಂತಪ್ಪ."

ಬಂಗಾರಿ ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದಳು. ಗಂಡನ ಜರಿಪಂಚೆಯ ಅಡಿಯಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಕಾಗದ ಅಲ್ಲಿರಲಿಲ್ಲ.

ಅತ್ತೆ ಮಾದಿ ಹಿತ್ತಿಲ ಬಾಗಿಲಲ್ಲಿ ಕುಳಿತು ಚಿಪ್ಪಿನಿಂದ ಬೆಳಚು ಬಿಡಿಸುತ್ತಿದ್ದಳು. ಬಂಗಾರಿ ಅವಳ ಎದುರಿಗೆ ಹೋಗಿ ನಿಂತಳು.

"ಟ್ರಂಕಿನ ಕಾಗದ ಎಲ್ಲಿ ಹೋತು ಅತ್ತೆ?"

"ಜಟ್ಟ ಕೇಳ್ದ. ಕೊಟ್ಟೆ."

"ಯಾಕೆ ಅಂತ ಹೇಳ್ಲಿಲ್ವಾ?"

"ನಂಗೆಂತ ಗೊತ್ತು? ಗಂಡಸ್ರ ಯವಾರ." ಮಾದಿ ತಲೆ ಎತ್ತಲಿಲ್ಲ. ಕತ್ತಿಯ ಮೊನೆ ಚಿಪ್ಪಿನ ಸಂದಿಯಲ್ಲಿ ಆಡುತ್ತಲೇ ಇತ್ತು. ಹೆತ್ತ ಮಗ ಅವನು, ತಾನು ಹೊರಗಿನಿಂದ ಬಂದವಳು ಎಂದು ಬಂಗಾರಿಗೆ ಆ ಮನೆಯಲ್ಲಿ ಮೊದಲ ಬಾರಿಗೆ ಅನ್ನಿಸಿತು.

ಅನುಮಾನವೆಂಬುದು ಒಮ್ಮೆ ಮನೆ ಹೊಕ್ಕರೆ ಹಳೆಯ ಸಾಮಾನುಗಳನ್ನೆಲ್ಲ ಹೊರಗೆಳೆಯುತ್ತದೆ. ಹೋಳಿಯ ಹೊತ್ತಿಗೆ ಜಟ್ಟ ಊಟ ಮಾಡುತ್ತ ಕೇಳಿದ ಪ್ರಶ್ನೆಯೊಂದು ಬಂಗಾರಿಗೆ ನೆನಪಾಯಿತು. "ಅತ್ಗೆ, ನಿಂಗೆ ಸೈ ಮಾಡುಕೆ ಬತ್ತದಾ?" ಎಂದಿದ್ದ. ಇಲ್ಲ ಎಂದಾಗ, "ಹೆಬ್ಬೆಟ್ಟು ಆದ್ರೂ ಆತು" ಎಂದು ಅನ್ನಕ್ಕೆ ಸಾರು ಕಲಸಿಕೊಂಡಿದ್ದ. ಆಗ ಅವಳು ನಕ್ಕಿದ್ದಳು. ಈಗ ಆ ಮಾತಿಗೆ ಬಾಲ, ಕೊಂಬು ಎಲ್ಲ ಹುಟ್ಟಿದವು. ಯಾವ ಕಾಗದಕ್ಕೆ ತನ್ನ ಹೆಬ್ಬೆಟ್ಟು ಬೇಕಿತ್ತು ಅವನಿಗೆ?

ಮರುದಿನ ಮೊದಲ ಬಸ್ಸಿಗೇ ಹೊರಟಳು. ಅತ್ತೆಗೆ, ತವರಿಗೆ ಹೋಗಿ ಬತ್ತೆ ಎಂದು ಸುಳ್ಳು ಹೇಳಿದಳು. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

ಬಸ್ಸು ಕಾಸರಕೋಡಿಗೆ ಮುಟ್ಟಿ ನಿಂತಿತು. ಅಲ್ಲಿಂದ ಮುಂದೆ ಶರಾವತಿ. ಹೊಳೆ ದಾಟಿಸುವ ದೋಣಿಗಾಗಿ ಜನ ಗುಂಪುಗೂಡಿದ್ದರು. ಕೊಡ ಹೊತ್ತು ದಂಡೆಯ ಮೇಲೆ ನಡೆಯುವ ಹುಡುಗಿಯರನ್ನೆಲ್ಲ ಬಂಗಾರಿ ಒಬ್ಬೊಬ್ಬಳನ್ನಾಗಿ ನೋಡಿದಳು. ಇವರಲ್ಲಿ ಯಾರು ಅವಳು? ದೋಣಿ ನಡುಹೊಳೆಗೆ ಬಂದಾಗ ಆಚೆ ದಡದ ಧಕ್ಕೆಯಲ್ಲಿ ತಮ್ಮ ಮಚ್ವೆ ಕಂಡಿತು. ಆಚಾರಿಯೊಬ್ಬ ಹಲಗೆಯ ಮೇಲೆ ಕುಳಿತು ಅದರ ಮೂತಿಯಲ್ಲಿ ಉಳಿಯಿಂದ ಏನನ್ನೋ ಕೊರೆಯುತ್ತಿದ್ದ. ಉಳಿಯ ಪೆಟ್ಟು ನೀರಿನ ಮೇಲೆ ತೇಲಿ ಬಂದು ಅವಳ ಎದೆಯಲ್ಲಿ ಬಿದ್ದಂತಾಯಿತು. ತನ್ನ ಅಪ್ಪ ಕೊಟ್ಟ ಮರ ಅದು.

ಬಂದರು ಕಚೇರಿಯಲ್ಲಿ ಗುಮಾಸ್ತನೊಬ್ಬನೇ ಇದ್ದ. ಘಟ್ಟದ ಮೇಲಿಂದ ಹೊಸದಾಗಿ ಬಂದವನು. ಮೈಸೂರು ಕಡೆಯ ಮಾತು. ಬಂಗಾರಿ ಬಾಗಿಲಲ್ಲಿ ನಿಂತೇ ಕೇಳಿದಳು.

"ತೆಂಗಿನಗುಂಡಿ ಮಚ್ವೆದು ಅಳತೆ ಆತಾ?"

"ಆಯ್ತಲ್ಲ. ನಂಬರೂ ಕೊಟ್ಟಾಯ್ತು. ನೀನು ಯಾರಮ್ಮ?"

"ಯಜಮಾನನ ಹೆಂಡ್ತಿ."

"ಓ, ಆ ಜಟ್ಟನ ಹೆಂಡ್ತೀನಾ?"

ಬಂಗಾರಿ ಒಳಗೆ ಕಾಲಿಟ್ಟಳು. "ಯಜಮಾನ ತಾನೇ ಅಂತ ಅವ ಹೇಳಿದ್ನಾ?"

"ಅವನು ಹೇಳಿದನೋ, ನಾನೇ ಹಾಗೆ ಅಂದ್ಕೊಂಡೆನೋ, ಯಾರಿಗೆ ನೆನಪು." ಗುಮಾಸ್ತ ಕನ್ನಡಕ ಮೇಲಕ್ಕೆ ಸರಿಸಿದ. "ಹೆಸರಿನ್ನೂ ಬರೆದಿಲ್ಲ. ಮನೆ ಬಂದರು ಹೊನ್ನಾವರ ಅಂತ ಬರೆಸಿದಾನೆ. ಯಜಮಾನರ ಹೆಸರು ಊಟ ಮಾಡ್ಕೊಂಡು ಬಂದು ಹೇಳ್ತೀನಿ ಅಂತ ಹೋದ."

"ಮನೆ ಬಂದರು ಅಂದ್ರೆ?"

"ಮಚ್ವೆ ಯಾವೂರಿಂದು, ಮಳೆಗಾಲದಲ್ಲಿ ಎಲ್ಲಿರುತ್ತೆ, ತೆರಿಗೆ ಎಲ್ಲಿ ಕಟ್ಟುತ್ತೆ, ಅದು."

ಮಳೆಗಾಲದಲ್ಲಿ ಮಚ್ವೆ ಇರುವುದು ತನ್ನ ಮನೆಯ ಹಿಂದಿನ ತೆಂಗಿನ ಸಾಲಿನಲ್ಲಿ. ಅದಕ್ಕೆ ಹೊದಿಸಲೆಂದೇ ನಿನ್ನೆ ಅವಳು ಮಡಲು ಹೆಣೆಯುತ್ತಿದ್ದದ್ದು. ಈಗ ಅದು ಹೊನ್ನಾವರದ್ದಾಯಿತೇ? ಕಿಟಕಿಯಾಚೆ ಹೊಳೆ, ಹೊಳೆಯಾಚೆ ಕಾಸರಕೋಡು ಬಿಸಿಲಲ್ಲಿ ಹೊಳೆಯುತ್ತಿತ್ತು. ಬೇರೆ ಸಾಕ್ಷಿ ಬೇಕಾಗಲಿಲ್ಲ ಅವಳಿಗೆ.

"ನಾ ಹೇಳುವವರೆಗೆ ಯಾರ ಹೆಸ್ರೂ ಬರೀಬೇಡಿ ಒಡೆಯಾ."

"ಬಾಯಲ್ಲಿ ಹೇಳಿದ್ರಾಗಲ್ಲ. ತಕರಾರಿದ್ರೆ ಅರ್ಜಿ ಆಗ್ಬೇಕು. ಅರ್ಜಿ ಬಿದ್ರೆ ವಿಚಾರಣೆ ಮುಗಿಯೋ ತನಕ ಮಚ್ವೆ ಅಲ್ಲಾಡೋ ಹಾಗಿಲ್ಲ. ಯೋಚನೆ ಮಾಡಿ ಹೇಳು."

"ಬರೀರಿ."

ಗುಮಾಸ್ತ ಬರೆದ. ಅವಳು ಶಾಯಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿ ಕೈ ಎತ್ತುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಜಟ್ಟ. ಅಂಗಿಯ ಇಸ್ತ್ರಿಯ ಮಡಿಕೆಗಳು ಇನ್ನೂ ಹಾಗೇ ಇದ್ದವು. ಅತ್ತಿಗೆಯನ್ನು ಕಂಡು ಅವನ ಮುಖ ಮೊದಲು ಅರಳಿತೋ, ಬೆಚ್ಚಿತೋ ಎಂಬುದನ್ನು ಬಂಗಾರಿ ಆಮೇಲೆ ಎಷ್ಟೋ ಸಲ ನೆನೆದು ನೋಡಿದ್ದಾಳೆ, ತೀರ್ಮಾನವಾಗಿಲ್ಲ. ಮರುಗಳಿಗೆಗೆ ಅವನ ಕಣ್ಣು ಅವಳ ಕಪ್ಪಾದ ಹೆಬ್ಬೆರಳಿನ ಮೇಲೆ ನಿಂತಿತು.

"ನೋಡಪ್ಪ, ನಿಮ್ಮನೇವ್ರೇ ತಕರಾರು ಹಾಕಿದಾರೆ," ಎಂದ ಗುಮಾಸ್ತ.

"ಎಂತ ತಕರಾರು?"

"ಯಾರ ಹೆಸ್ರು ಬರೆಸುಕೆ ಬಂದದ್ದು ನೀನು?" ಬಂಗಾರಿಯೇ ಕೇಳಿದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಜಟ್ಟ ಗೋಡೆಗೆ ಕೈ ಊರಿದ. ಆಮೇಲೆ ಗುಮಾಸ್ತನ ಕಡೆ ತಿರುಗಿ, "ತಕರಾರು ಎಂತದೂ ಇಲ್ಲ. ಅವ್ಳ ಹೆಸ್ರೇ ಬರೀರಿ" ಎಂದ.

ಹಿಡಿದು ಎಳೆಯಲು ನಿಂತವಳ ಕೈಗೆ ಹಗ್ಗ ಸಡಿಲಾಗಿ ಬಂದಂತಾಯಿತು. ಇಷ್ಟು ಸುಲಭವಾಗಿ ಒಪ್ಪಿದನೆಂದರೆ ಇದರಲ್ಲೂ ಏನೋ ಇದೆ ಎಂದಿತು ಅವಳ ಮನಸ್ಸು. ಗುಮಾಸ್ತ ತಕರಾರಿಗೆ ಅಡ್ಡಗೆರೆ ಎಳೆದು, 'ಬಂಗಾರಿ ಕೋಂ ದುರ್ಗ, ತೆಂಗಿನಗುಂಡಿ' ಎಂದು ಗಟ್ಟಿಯಾಗಿ ಓದುತ್ತ ಬರೆದ.

"ಮನೆ ಬಂದರು ಹೊನ್ನಾವರವೇ ಇರ್ಲಾ?"

"ಅಲ್ಲ. ನಮ್ಮೂರ ಬದಿಯ ಭಟ್ಕಳ," ಎಂದಳು ಬಂಗಾರಿ.

"ಭಟ್ಕಳ ಅಂದ್ರೆ ಕಾಗದ ಕಾರವಾರಕ್ಕೆ ಹೋಗಿ ಬರ್ಬೇಕು. ಬರೋ ಹೊತ್ತಿಗೆ ಮಳೆ ಹಿಡಿಯುತ್ತೆ. ಅಲ್ಲೀವರೆಗೆ ಸರಕು ಹಾಕೋ ಹಾಗಿಲ್ಲ, ಖಾಲಿ ಓಡಾಡ್ಬಹುದು. ಹೊನ್ನಾವರ ಅಂದ್ರೆ ಇವತ್ತೇ ಪಾಸು. ಅದಕ್ಕೇ ಇವ್ನು ಹಾಗೆ ಬರೆಸಿದ್ದೋ ಏನೋ."

ಬಂಗಾರಿ ಜಟ್ಟನ ಮುಖ ನೋಡಿದಳು. ಅವನು ಹೊಳೆ ನೋಡುತ್ತಿದ್ದ. ಈಗ ಮಾತು ಬದಲಿಸಿದರೆ ತಾನು ಬಂದದ್ದೆಲ್ಲ ಸುಳ್ಳಾಗುತ್ತದೆ ಎನ್ನಿಸಿತು. "ಭಟ್ಕಳವೇ ಬರೀರಿ" ಎಂದಳು.

"ನಿಮ್ಮಿಷ್ಟ. ತಾಂಡೇಲ ಯಾರು? ಇವ್ನೇ ತಾನೆ?"

"ನಾನಲ್ಲ," ಎಂದ ಜಟ್ಟ. ಅಂದವನು ಮೆಟ್ಟಿಲಿಳಿದು ಹೋದ.

ಬಂಗಾರಿ ಅವನ ಹಿಂದೆಯೇ ಬಂದು ಧಕ್ಕೆಯಲ್ಲಿ ಹಿಡಿದಳು. ಆಚಾರಿ ಕೆಲಸ ಮುಗಿಸಿ ಹೋಗಿದ್ದ. ಖಲಾಸಿಗಳಾದ ಸುಬ್ಬ, ಸೋಮ ಇಬ್ಬರೂ ಮಚ್ವೆಯ ನೆರಳಿನಲ್ಲಿ ಬೀಡಿ ಸೇದುತ್ತಿದ್ದವರು ಎದ್ದು ಆಚೆ ಸರಿದರು.

"ಉಪ್ಪು ತರುಕೆ ಹೋತೆ ಅಂತ ನೀ ಯಾಕೆ ಹೇಳದ್ದು?"

"ಉಪ್ಪು ತರುಕೇ ಹೋದದ್ದು. ಹೊಸ ನಂಬ್ರ ಇಲ್ದೆ ಒಂದು ಚೀಲವೂ ಏರ್ಸುದಿಲ್ಲ ಅಂತ ತದಡಿ ಬಂದರಿನಲ್ಲಿ ತಿರುಗ್ಸಿ ಕಳ್ಸಿದ್ರು. ಸುಬ್ಬನ ಕೇಳು."

"ಹಾಂಗಾರೆ ಕಾಗದ ಯಾಕೆ ತಕ್ಕಂಡು ಹೋದದ್ದು? ನಂಗೆ ಒಂದು ಮಾತು ಹೇಳುಕಾಗ್ಲಿಲ್ವಾ?"

"ದಾರಿಯಲ್ಲಿ ಕೇಳಿರೆ ಇರ್ಲಿ ಅಂತ. ನೀ ಗದ್ದೆಗೆ ಹೋಗಿದ್ದೆ. ಅವ್ವಿ ಹತ್ರ ಕೇಳ್ದೆ."

ಎಲ್ಲದಕ್ಕೂ ಅವನಲ್ಲಿ ಉತ್ತರವಿತ್ತು. ನಿಜಕ್ಕೂ ಉತ್ತರವಿರುತ್ತದೆ, ಸಿದ್ಧ ಮಾಡಿಟ್ಟ ಸುಳ್ಳಿಗೂ ಇರುತ್ತದೆ. ಬಂಗಾರಿ ದನಿ ತಗ್ಗಿಸಿ ಕೇಳಿದಳು. "ನಾ ಬರದೇ ಇದ್ದಿದ್ರೆ ಯಾರ ಹೆಸ್ರು ಬರೆಸ್ತಿದ್ದೆ ಜಟ್ಟ? ಅದೊಂದು ಹೇಳು."

ಜಟ್ಟ ಅಂಗಿಯ ಗುಂಡಿಗಳನ್ನು ಬಿಚ್ಚಿದ. ಅಂಗಿ ಕಳಚಿ, ಮಡಚಿ ಹೆಗಲಿಗೆ ಹಾಕಿಕೊಂಡ.

"ಅದು ಇನ್ನು ನಿಂಗೆ ಗೊತ್ತಾಗುದಿಲ್ಲ ಅತ್ಗೆ," ಎಂದ. "ಮಚ್ವೆ ಹತ್ತು. ಗಾಳಿ ಇದ್ದಾಗ ಹೊರಡ್ಬೇಕು."

ಗಂಡ ಬದುಕಿದ್ದಾಗಲೂ ಬಂಗಾರಿ ಮಚ್ವೆಯಲ್ಲಿ ದೂರ ಹೋದವಳಲ್ಲ. ಅಳಿವೆ ದಾಟಿ ಕಡಲಿಗೆ ಬಿದ್ದ ಮೇಲೆ ಹಗ್ಗದ ಸುರುಳಿಯ ಮೇಲೆ ಮುದುಡಿ ಕುಳಿತಳು. ಜಟ್ಟ ಚುಕ್ಕಾಣಿಯಲ್ಲಿ ನಿಂತಿದ್ದ. ಬಲಗಡೆ ನೇತ್ರಾಣಿ ಗುಡ್ಡ ನೀಲಿಯಾಗಿ ಕಂಡಿತು, ಹಿಂದೆ ಸರಿಯಿತು. ಅಷ್ಟು ದಾರಿಯಲ್ಲಿ ಜಟ್ಟನ ಬಾಯಿಂದ ಬಂದದ್ದು ಹಾಯಿಗೆ ಸಂಬಂಧಪಟ್ಟ ಮಾತು ಮಾತ್ರ.

ಇಳಿಹೊತ್ತಿಗೆ ತೆಂಗಿನಗುಂಡಿಯ ಹೊಳೆಬಾಯಿ ಹೊಕ್ಕು, ಭರತದ ನೀರಿನಲ್ಲಿ ಮಚ್ವೆಯನ್ನು ದಂಡೆಗೆ ತಾಗಿಸಿದರು. ಜಟ್ಟ ಹಾಯಿ ಇಳಿಸಿ, ಯಾವತ್ತಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು ಮಡಚಿ ಕಟ್ಟಿದ. ಮೂಲೆಯಲ್ಲಿದ್ದ ತನ್ನ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಎಡಬದಿಯ ಮೂರನೇ ಹಲ್ಗೆ ನೀರು ಕುಡಿತದೆ," ಎಂದ, ಯಾರಿಗೆಂದು ಇಲ್ಲದೆ. "ಮಳೆಗೆ ಮೊದ್ಲು ಬಿಚ್ಚಿಸ್ಬೇಕು. ಕಣ್ಣಿಗೆ ಕಾಣುದಿಲ್ಲ, ಅಡಿಯಿಂದ ಬತ್ತದೆ."

ಮೊಣಕಾಲು ನೀರಿಗೆ ಇಳಿದು ದಂಡೆ ಹತ್ತಿದ. ಮನೆಯ ದಾರಿ ಬಲಕ್ಕೆ. ಅವನು ಎಡಕ್ಕೆ, ಕುಮಟೆಯ ಬಸ್ಸು ನಿಲ್ಲುವ ರಸ್ತೆಯ ಕಡೆಗೆ ತಿರುಗಿದ. ದೂರದಲ್ಲಿ ಮಾದಿ ಮಗನನ್ನು ಕಂಡು ಕೈ ಹುಬ್ಬಿಗೆ ಹಚ್ಚಿ ನಿಂತದ್ದು ಕಂಡಿತು.

ಸುಬ್ಬ ಮಚ್ವೆಯ ಅಂಚು ಹಿಡಿದುಕೊಂಡು ಕಾಯುತ್ತಿದ್ದ. ಇಲ್ಲಿಯವರೆಗೆ ಜಟ್ಟನಿಗೆ ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಬಂಗಾರಿಗೆ ಕೇಳಿದ. "ನಾಳೆ ಎಂತ ಮಾಡುದು ಅಕ್ಕಾ?"

ಬಂಗಾರಿ ಮಚ್ವೆಯ ಹೊಟ್ಟೆಗೆ ಇಳಿದು, ಎಡಬದಿಯ ಹಲಗೆಗಳನ್ನು ಮೇಲಿನಿಂದ ಮುಟ್ಟಿ ಎಣಿಸಿ, ಮೂರನೆಯದರ ಮೇಲೆ ಅಂಗೈ ಇಟ್ಟಳು. ಒದ್ದೆಯಾಗಿತ್ತು. ಪಕ್ಕದ್ದನ್ನು ಮುಟ್ಟಿದಳು, ಅದೂ ಒದ್ದೆಯೇ. ಸೆರಗಿನ ತುದಿಯಿಂದ ಆ ಮೂರನೆಯ ಹಲಗೆಯನ್ನು ಉದ್ದಕ್ಕೂ ತಿಕ್ಕಿ ಒರೆಸಿದಳು. ಆಮೇಲೆ ಅದರ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ಇದ್ದಷ್ಟು ಬೆಳಕಿನಲ್ಲಿ ಕಣ್ಣು ಕಿರಿದಾಗಿಸಿ, ಅವನು ಹೇಳಿದಂತೆ ಅಡಿಯಿಂದ ನೀರು ಜಿನುಗುತ್ತದೋ ಎಂದು ಕಾಯತೊಡಗಿದಳು.