ಮುಟ್ಟದ ಬೆರಳಿನ ತೂಕ

ಬೇಕರಿಯನ್ನು ಸೊಸೆಗೆ ಒಪ್ಪಿಸಿದ ದಿನದಿಂದ ಅತ್ತೆ ಹಿಟ್ಟಿಗೆ ಕೈ ಹಾಕಿದವಳಲ್ಲ. ಹಾಕುವುದಿಲ್ಲವೆಂದು ಬೀದಿಗೆಲ್ಲ ಸಾರಿದ್ದಳು ಕೂಡ. ಒಲೆಯ ಪಕ್ಕದ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಅಂಗಡಿ ಮುಚ್ಚುವವರೆಗೆ ತುಟಿಪಿಟಕ್ಕೆನ್ನದೆ ಕೂತಿರುತ್ತಿದ್ದಳು, ಅಷ್ಟೆ. ಸೊಸೆ ಹಿಟ್ಟಿಗೆ ಉಪ್ಪು ಹಾಕುವಾಗ ಮಾತ್ರ ಒಮ್ಮೆ ಕೆಮ್ಮುವಳು. ಕೆಮ್ಮಿಗೆ ಯಾರ ಅಪ್ಪಣೆ ಬೇಕು?

ಹೀಗಿರುವಾಗ ಶನಿವಾರ ಊಟಕ್ಕೆ ಕೂತಲ್ಲೇ ಸೊಸೆ, "ಈ ತಿಂಗಳು ಮುಗಿದ್ಮೇಲೆ ನಾನು ಬೇಕರಿಗೆ ಹೋಗಲ್ಲ. ಅಲ್ಲಿ ಉಸಿರು ಕಟ್ಟುತ್ತೆ," ಅಂದುಬಿಟ್ಟಳು. ಮಗ ತಟ್ಟೆ ನೋಡಿದ. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. ಗಂಡ ಹೋದ ಮೇಲೆ ಒಬ್ಬಳೇ ಕಟ್ಟಿದ ಬೇಕರಿ. ಇವಳೂ ಬಿಟ್ಟರೆ ಅದಕ್ಕೆ ಬೀಗವೇ ಗತಿ.

"ನಾನೇನಮ್ಮಾ ಮಾಡಿದೆ? ಒಂದು ಚಮಚನಾದ್ರೂ ಮುಟ್ಟಿದ್ದೀನಾ?"

"ಇಲ್ಲ ಅತ್ತೆ, ಮುಟ್ಟಿಲ್ಲ," ಎಂದಳು ಸೊಸೆ. ಅದು ನಿಜವೇ ಆಗಿತ್ತು.

ಮರುದಿನ ರಜೆ. ಮೊಮ್ಮಗಳು ಗುಬ್ಬಿ ಅಡುಗೆಮನೆಯಲ್ಲಿ ತೇಲುವ-ಮುಳುಗುವ ಪಾಠ ಹರಡಿಕೊಂಡಿದ್ದಳು. ಸಿಪ್ಪೆಯಿದ್ದ ಕಿತ್ತಳೆ ತೇಲಿತು, ಸುಲಿದದ್ದು ಮುಳುಗಿತು. ಆಮೇಲೆ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, "ಅಜ್ಜಿ, ಬೆರಳು ಅದ್ದು. ತಳ ಮುಟ್ಟಬೇಡ, ಅಂಚೂ ಮುಟ್ಟಬೇಡ," ಎಂದಳು.

ಅತ್ತೆ ಅದ್ದಿದಳು. ತಕ್ಕಡಿಯ ಅಂಕಿ ಏರಿತು.

"ಇದು ಕೆಟ್ಟಿದೆ ಕಣೇ."

ಜೀವಮಾನವೆಲ್ಲ ತಕ್ಕಡಿ ನಂಬಿ ಬದುಕಿದವಳು ಅಷ್ಟಕ್ಕೇ ಬಿಡುತ್ತಾಳೆಯೇ? ಅಟ್ಟದಿಂದ ಇನ್ನೊಂದು ತಕ್ಕಡಿ ಇಳಿಸಿದಳು. ಬೀಗಕ್ಕೆ ದಾರ ಕಟ್ಟಿ ನೀರಿನ ನಡುವೆ ತೂಗಿಬಿಟ್ಟಳು. ಅದರಲ್ಲೂ ಅಂಕಿ ಏರಿತು. ಎತ್ತಿದಳು, ಇಳಿಯಿತು.

"ನೀರು ಬೆರಳನ್ನ ಮೇಲಕ್ಕೆ ತಳ್ಳುತ್ತೆ ಅಜ್ಜಿ. ಎಷ್ಟು ತಳ್ಳುತ್ತೋ ಅಷ್ಟು ಭಾರ ಲೋಟದ ಮೇಲೇ ಬೀಳುತ್ತೆ."

"ನಾನು ಸುಮ್ನೆ ಇಟ್ಕೊಂಡಿದ್ದೀನಲ್ಲೇ!"

"ಸುಮ್ನೆ ಇದ್ರೂ ಅಷ್ಟೇ. ಒಳಗೆ ಇದೆಯಲ್ಲ."

ಅತ್ತೆ ಬೆರಳನ್ನು ಮತ್ತೊಮ್ಮೆ ಅದ್ದಿ, ಆ ಅಂಕಿಯನ್ನೇ ನೋಡಿದಳು. ಒಲೆಯ ಪಕ್ಕದ ಸ್ಟೂಲು ನೆನಪಾಯಿತು. ನೀರು ಚೆಲ್ಲಿ ಲೋಟ ತೊಳೆದಿಟ್ಟಳು.

ಸೋಮವಾರ ಬೇಕರಿಗೆ ಹೋದವಳು ಕೂರಲಿಲ್ಲ. ಸ್ಟೂಲನ್ನು ಕಂಕುಳಿಗೇರಿಸಿದಳು.

"ಯಾಕತ್ತೆ, ಎಲ್ಲಿಗೆ?" ಹಿಟ್ಟಿನ ಕೈಯಲ್ಲೇ ಸೊಸೆ ಕೇಳಿದಳು.

"ಒಂದು ಕಾಲು ಅಲ್ಲಾಡ್ತಿದೆ ಕಣಮ್ಮಾ. ಮನೇಲಿಟ್ಟು ಸರಿ ಮಾಡಿಸ್ತೀನಿ."

ಸ್ಟೂಲಿನ ನಾಲ್ಕು ಕಾಲೂ ಗಟ್ಟಿಯಾಗಿದ್ದವು. ಅದು ದಿನಾ ಅದರ ಸುತ್ತ ಗುಡಿಸುವ ಸೊಸೆಗೂ ಗೊತ್ತಿತ್ತು. ಅವಳು ಬಾಗಿಲು ತೆರೆದು ಹಿಡಿದಳು.

ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ನಿಂತಾಗ, ಒಳಗೆ ಮರಳಿದ ಸೊಸೆ ಉಪ್ಪಿನ ಡಬ್ಬಿ ತೆರೆದ ಸದ್ದು ಕೇಳಿತು. ಅತ್ತೆ ಗಂಟಲಿಗೆ ಬಂದ ಕೆಮ್ಮನ್ನು ನುಂಗಿಕೊಂಡು ಬೀದಿಗಿಳಿದಳು.